ಎಲ್ಲ ಆಗಿಹೋಗಿದೆ, ತಾತ

ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು, ಮೊಣಕೈಗೆ ಕತ್ತರಿ ತಗುಲಿತು ಅಷ್ಟೇ, ನೀಲಿ ಬಟ್ಟೆಯ ಮೇಲೆ ಬಿಳಿ ಗೆರೆ ಹುಳದ ಹಾಗೆ ಹೊರಳಿದೆ, ಪರವಾಗಿಲ್ಲ, ಅಂಗೈಯಲ್ಲಿ ಉಜ್ಜಿದರೆ ಹೋಗುತ್ತದೆ — ಬೇಕರಿಯಮ್ಮನ ಮೊಮ್ಮಗಳ ಸ್ಕರ್ಟು ಇದು, ಸೊಂಟ ಸರಿ, ಉದ್ದ ಸರಿ, ಕೆಳಗೆ ಒಳಮಡಿಕೆಗೆ ಒಂದು ಗೇಣು ಬಿಡಬೇಕು, ಬಿಡು, ಬಿಡೇ ಮಾರಾಯ್ತಿ, ಆದರೆ ಕೈ ಕೇಳಬೇಕಲ್ಲ, ಕೈ ತನ್ನ ಪಾಡಿಗೆ ತಾನು ಅಂಚಿಗೇ ಹೋಗಿ ನಿಲ್ಲುತ್ತದೆ, ಯಾಕೆಂದರೆ ನನಗೆ ಹೊಲಿಗೆ ಕಲಿಸಿದ್ದು ತಾತ, ಮತ್ತು ತಾತ ಜನ್ಮದಲ್ಲಿ ಒಂದು ಮಗುವಿನ ಬಟ್ಟೆಗೂ ಮಾರ್ಜಿನ್ ಬಿಟ್ಟವರಲ್ಲ. ಬೇರೆ ಟೈಲರುಗಳೆಲ್ಲ ಒಳಗೊಂದಿಷ್ಟು ಬಟ್ಟೆ ಮಡಿಚಿಟ್ಟು ಹೊಲಿಯುತ್ತಾರೆ, ಮಗು ಉದ್ದವಾದಾಗ ಬಿಚ್ಚಿ ಇಳಿಸಿಕೊಳ್ಳಲಿ ಅಂತ, ತಾತ ಮಾತ್ರ ಅಳತೆಗೆ ಸರಿಯಾಗಿ ಕಚಕ್ಕನೆ ಕತ್ತರಿಸಿಬಿಡುತ್ತಿದ್ದರು, ಯಾಕೆ ತಾತ ಅಂದರೆ, ಈ ಮಗು ಬೆಳೆಯೋಷ್ಟರಲ್ಲಿ ಕರ್ತ ಯೇಸು ಬಂದಿರ್ತಾನೆ, ಲೋಕ ಮುಗಿದಿರುತ್ತೆ, ಸುಮ್ನೆ ಬಟ್ಟೆ ದಂಡ ಅಲ್ವಾ ಪುಟ್ಟಿ. ಆಗ ಬೇಕರಿಯಮ್ಮನಿಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಜಗಳಕ್ಕೆ ನಿಲ್ಲುವಷ್ಟು ಶಕ್ತಿ ಇತ್ತು, ಏನ್ರೀ ಟೈಲರೇ, ನನ್ ಮಗಳು ಬೆಳೆಯೋದೇ ಇಲ್ಲ ಅಂದ್ಕೊಂಡ್ರಾ, ಮೂರು ತಿಂಗಳಿಗೇ ಮಂಡಿ ಮೇಲಕ್ಕೆ ಬಂತಲ್ರೀ, ಅಂತ ಆಕೆ, ಬೆಳೀತಾಳೆ ತಾಯಿ, ಆದ್ರೆ ಅಷ್ಟು ದಿನ ಲೋಕ ಉಳೀಬೇಕಲ್ಲ, ಅಂತ ತಾತ, ಲೋಕ ಉಳಿಯುತ್ತೋ ಬಿಡುತ್ತೋ, ಸೋಮವಾರ ಶಾಲೆ ಇದೇರೀ! — ಅಂಗಡಿಯಲ್ಲಿದ್ದವರೆಲ್ಲ ನಕ್ಕಿದ್ದರು, ತಾತನೂ ನಕ್ಕಿದ್ದರು, ಅಜ್ಜಿ ಮಾತ್ರ ಸದ್ದಿಲ್ಲದೆ ಆ ಸ್ಕರ್ಟು ಇಸಿದುಕೊಂಡು, ಚಿಂದಿ ಬುಟ್ಟಿಯಲ್ಲಿ ಕೈಯಾಡಿಸಿ ಅದೇ ಬಣ್ಣದ ಪಟ್ಟಿ ಹುಡುಕಿ ಕೆಳಗೆ ಸೇರಿಸಿಕೊಟ್ಟಿದ್ದಳು. ನನ್ನ ಫ್ರಾಕುಗಳಿಗೂ ಅಷ್ಟೇ, ವರ್ಷಕ್ಕೊಂದು ಪಟ್ಟಿ, ಕೆಂಪು, ಅದರ ಕೆಳಗೆ ಹಳದಿ, ಅದರ ಕೆಳಗೆ ಚುಕ್ಕಿ ಚುಕ್ಕಿಯದು, ಲೋಕ ಮುಗಿಯದೇ ಉಳಿದ ವರ್ಷಗಳೆಲ್ಲ ನನ್ನ ಮಂಡಿಯ ಸುತ್ತ ಬಳೆಬಳೆಯಾಗಿ ಕೂತಿದ್ದವು, ಶಾಲೆಯಲ್ಲಿ ನನ್ನನ್ನು ಕಾಮನಬಿಲ್ಲು ಅಂತ ಕರೆಯುತ್ತಿದ್ದರು, ನನಗೆ ಒಂಚೂರೂ ಬೇಜಾರಿರಲಿಲ್ಲ, ನಿಜವಾಗಲೂ.

ಆ ದಿನಗಳ ವಾಸನೆಯೇ ಬೇರೆ, ಮಷಿನ್ನಿಗೆ ಬಿಡುವ ಎಣ್ಣೆ, ಬಿಸಿ ಇಸ್ತ್ರಿ ಪೆಟ್ಟಿಗೆ ತಾಗಿದ ಒದ್ದೆ ಬಟ್ಟೆ, ಭಾನುವಾರವಾದರೆ ಅದರ ಮೇಲೆ ಜನರ ತಲೆಗೆ ಹಚ್ಚಿದ ಎಣ್ಣೆಯ ಘಮ, ಯಾಕೆಂದರೆ ಭಾನುವಾರ ನಮ್ಮ ಅಂಗಡಿಯೇ ಪ್ರಾರ್ಥನೆಯ ಸಭೆ, ಮಷಿನ್ನುಗಳನ್ನು ಗೋಡೆಗೆ ತಳ್ಳಿ ಚಾಪೆ ಹಾಸಿದರೆ ಆಯಿತು, ಹತ್ತು ಹನ್ನೆರಡು ಜನ, ಗಾಜಿನ ಬಾಗಿಲಿಗೆ ಒಳಗಿಂದ ಬಟ್ಟೆ ಇಳಿಬಿಟ್ಟರೆ ಬೀದಿಯೇ ಇಲ್ಲ. ಕಹಳೆ ಮಾಸ್ತರು ಎದ್ದು ನಿಲ್ಲುತ್ತಿದ್ದರು, ಶಾಲೆಯ ಬ್ಯಾಂಡಿಗೆ ಕಹಳೆ ಕಲಿಸುತ್ತಿದ್ದವರು, ತಾತನ ಜೀವದ ಗೆಳೆಯ, ಕಡೇ ದಿನಗಳ ಲೆಕ್ಕವೆಲ್ಲ ಅವರದೇ ಜವಾಬ್ದಾರಿ, ಭೂಕಂಪ ಆಯ್ತಾ, ಆಯ್ತು, ಬರ ಬಂತಾ, ಬಂತು, ಯುದ್ಧ ನಡೀತಿದೆಯಾ, ನಡೀತಿದೆ, ಹಾಗಾದ್ರೆ ಇನ್ನೇನು ಬಾಕಿ ಸಹೋದರರೇ, ಬಾಗಿಲಲ್ಲೇ ನಿಂತಿದ್ದಾನೆ! — ಆಗ ನಾವು ಮಕ್ಕಳೆಲ್ಲ ಒಟ್ಟಿಗೇ ತಿರುಗಿ ಬಾಗಿಲು ನೋಡುತ್ತಿದ್ದೆವು. ಮಾಸ್ತರು ಹೇಳಿದ ಬೇಸಿಗೆ ಬಂದು ಹೋಯಿತು, ಮುಂದೂಡಿದ ಚಳಿಗಾಲವೂ ಬಂದು ಹೋಯಿತು, ತಾತ ಅವರ ಕಾಲೆಳೆಯುತ್ತಿದ್ದರು, ಏನೋ ಮಾಸ್ತರ, ನಾನಾದ್ರೂ ಬ್ಲೌಸು ಹೇಳಿದ್ ದಿನಕ್ಕೆ ಕೊಡ್ತೀನಿ. ಆದರೆ ಆ ಕಾಯುವುದು ಎಷ್ಟು ಸೊಗಸಾಗಿತ್ತು, ಅದನ್ನು ಯಾರಿಗೆ ಹೇಳಲಿ, ಹೇಳಿದರೆ ಹೆದರಿಸಿ ಬೆಳೆಸಿದ್ದಾರೆ ಪಾಪ ಅನ್ನುತ್ತಾರೆ, ಹೆದರಿಕೆಯೇ ಇರಲಿಲ್ಲ ಮಾರಾಯರೇ, ನೆಂಟರು ಬರುವ ಮನೆಯ ಹಾಗಿತ್ತು, ಕಸ ಗುಡಿಸಿ ದೀಪ ಒರೆಸಿ ಇನ್ನೇನು ಬಂದರು ಅನ್ನುವ ಹಾಗೆ, ನಾನು ಬಟ್ಟೆ ರಾಶಿಯ ಮೇಲೆ ಬಿದ್ದುಕೊಂಡು ಕಿವಿಗೊಟ್ಟು ಕೇಳುತ್ತಿದ್ದೆ, ಕರ್ತ ಬರುವ ಕಹಳೆ ಊದಿದರೆ ಮೊದಲು ನನಗೇ ಕೇಳಿಸಬೇಕು, ಓಡಿಹೋಗಿ ತಾತನಿಗೆ ನಾನೇ ಹೇಳಬೇಕು ಅಂತ. ಈಗಲೂ ದೂರದಲ್ಲಿ ಲಾರಿಯ ಹಾರ್ನು ಉದ್ದಕ್ಕೆ ಕೇಳಿದರೆ ಎದೆಯಲ್ಲಿ ಏನೋ ಒಂದು ಎದ್ದು ಕೂರುತ್ತದೆ.

ಯಾರಮ್ಮಾ ಬಾಗಿಲಲ್ಲಿ, ಒಳಗ್ ಬನ್ನಿ — ತಾತ ಕಿಟಕಿ ಪಕ್ಕದ ಕುರ್ಚಿಯಿಂದ ಕೂಗುತ್ತಾರೆ. ಯಾರೂ ಇಲ್ಲ ತಾತ, ಕೋಟು, ನೇತುಹಾಕಿದ ಕೋಟು. ಓ, ಅದೇ ಅಂದ್ಕೊಂಡೆ, ಮಾತಾಡ್ಲಿಲ್ವಲ್ಲ, ಒಳ್ಳೇ ಗಿರಾಕಿ. ನಗುತ್ತಾರೆ, ಸೂಜಿಯ ಕಣ್ಣನ್ನು ನಾಲಿಗೆಯ ತುದಿಯಿಂದ ಹುಡುಕುತ್ತಾರೆ, ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ ಒಳಗೆ ತೂರಿಸುತ್ತಾರೆ, ಮೊದಲ ಸಲವೇ ಸಿಕ್ಕಿಬಿಡುತ್ತದೆ ಒಮ್ಮೊಮ್ಮೆ, ನೋಡಿದೆಯಾ ಅನ್ನುತ್ತಾರೆ ನನ್ನತ್ತ ತಿರುಗದೆ, ನಾನು ಇಲ್ಲದ ಕಡೆಗೆ ತಿರುಗಿ. ಎರಡೂ ಕಣ್ಣಿಗೆ ಪೊರೆ, ಎಡಗಣ್ಣಿನಲ್ಲಿ ಇನ್ನೂ ಒಂದಿಷ್ಟು ಬೆಳಕು ಕತ್ತಲೆ ತಿಳಿಯುತ್ತದೆ, ಬಲಗಣ್ಣಿನದು ಹಣ್ಣಾಗಿ ಹಾಲಿನ ಬಣ್ಣಕ್ಕೆ ತಿರುಗಿದೆ, ಡಾಕ್ಟರಮ್ಮ ಹೋದ ಸಲವೇ ಹೇಳಿದ್ದರು, ಇನ್ನು ತಡ ಮಾಡಿದ್ರೆ ಅದು ಒಳಗೇ ಸೋರಿ ಒತ್ತಡ ಏರುತ್ತೆ, ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ, ಆ ಕಣ್ಣು ಹೋದ ಹಾಗೇ. ಇವತ್ತಿನ ಆಪರೇಷನ್ನಿಗೆ ಹೆಸರು ಬರೆಸಿದ್ದೇವೆ, ಮಧ್ಯಾಹ್ನ ಆಸ್ಪತ್ರೆಯ ವ್ಯಾನು ನಮ್ಮ ಬೀದಿಗೆ ಬರುತ್ತದೆ, ಅಮ್ಮ ಒಳಕೋಣೆಯಲ್ಲಿ ಚೀಲಕ್ಕೆ ಟವೆಲು ತುರುಕುತ್ತಿದ್ದಾಳೆ, ತುರುಕುವ ಸದ್ದಿನಲ್ಲೇ ಸಿಟ್ಟು ಗೊತ್ತಾಗುತ್ತದೆ, ಯಾಕೆಂದರೆ ತಾತ ಬರುವುದಿಲ್ಲ ಅಂದಿದ್ದಾರೆ. ಎರಡು ಸಲ ವ್ಯಾನು ಖಾಲಿ ವಾಪಸ್ಸು ಹೋಗಿದೆ. ಕರ್ತ ಬಂದಾಗ ಹೊಸ ಕಣ್ಣೇ ಕೊಡ್ತಾನಂತೆ, ಈ ಹಳೇದಕ್ಕೆ ತೇಪೆ ಯಾಕಮ್ಮಾ, ಅಂತ ತಾತ, ಅಪ್ಪಾ, ಕೈ ಮುಗೀತೀನಿ, ಅಂತ ಅಮ್ಮ, ನಂಗೆ ಮುಗೀಬೇಡ, ಮುಗೀಬೇಕಾದೋನಿಗೆ ಮುಗಿ. ಅಮ್ಮ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದ್ದಳು, ನಿನ್ ಮಾತಾದ್ರೆ ಕೇಳ್ತಾರೆ ಕಣೇ, ಏನಾದ್ರೂ ಹೇಳು, ಅಷ್ಟೊಂದು ಓದ್ತೀಯಲ್ಲ, ಅದೇನ್ ಓದ್ತೀಯೋ ಅದನ್ನೇ ಹೇಳು.

ಓದಿದ್ದೇನೋ ಹೌದು! ಲೈಬ್ರರಿಯಲ್ಲಿ, ಮಳೆಗೆ ಸುಮ್ಮನೆ ಒಳಗೆ ಹೋದವಳು ಇತಿಹಾಸದ ಕಪಾಟಿನ ಮುಂದೆ ನಿಂತು ಒಂದು ಹಾಳೆ ತಿರುವಿದೆ, ಇನ್ನೊಂದು ತಿರುವಿದೆ, ಮಳೆ ಯಾವಾಗ ನಿಂತಿತೋ ದೇವರಿಗೇ ಗೊತ್ತು, ಮೈ ಜುಮ್ಮೆಂದಿತು, ಯಾಕೆಂದರೆ ಅಲ್ಲಿ ನಮ್ಮ ಭಾನುವಾರವೇ ಇತ್ತು, ಮಾಸ್ತರು ಹೇಳುತ್ತಿದ್ದದ್ದೆಲ್ಲ, ಆದರೆ ಆಗುವುದು ಅಂತಲ್ಲ, ಆಗಿಹೋದದ್ದು ಅಂತ! ಪಟ್ಟಣದ ಸುತ್ತ ಸೇನೆ ಬಂದು ನಿಲ್ಲುತ್ತದೆ ಅಂತ ಬೈಬಲ್ಲಿನಲ್ಲಿದೆ, ನಿಂತಿತ್ತು, ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ರೋಮಿನ ಸೇನೆ ಯೆರೂಸಲೇಮಿನ ಸುತ್ತ ನಿಂತಿತ್ತು, ಒಳಗೆ ಹಸಿವು, ಒಳಗಿನವರೇ ಒಬ್ಬರಿಗೊಬ್ಬರು ಕತ್ತಿ ಎತ್ತಿದ್ದು, ದೇವಾಲಯಕ್ಕೆ ಬೆಂಕಿ, ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಯೇಸು ಹೇಳಿದ್ದು, ಅದನ್ನು ಕಿವಿಯಾರೆ ಕೇಳಿದ ಹುಡುಗರು ಮುದುಕರಾಗುವ ಮೊದಲೇ ಕಲ್ಲುಗಳು ಬೀದಿಗೆ ಉರುಳಿದ್ದವು. ಇದೆಲ್ಲ ಆಗುವ ತನಕ ಈ ತಲೆಮಾರು ಅಳಿಯುವುದಿಲ್ಲ ಅಂತ ಅಷ್ಟು ಸ್ಪಷ್ಟವಾಗಿ ಹೇಳಿದ್ದಾನಲ್ಲ, ಆ ತಲೆಮಾರು ಅಂದರೆ ಆ ತಲೆಮಾರೇ, ಎದುರಿಗೆ ಕೂತಿದ್ದವರು, ನಾವಲ್ಲ, ಮಾಸ್ತರಲ್ಲ, ತಾತನಲ್ಲ! ಎಲ್ಲರೂ ಹೀಗೆ ಒಪ್ಪುವುದಿಲ್ಲ, ಅದೂ ಆ ಪುಸ್ತಕದಲ್ಲೇ ಇತ್ತು, ಆದರೆ ಒಪ್ಪುವವರು ಬಹಳ ಜನ ಇದ್ದಾರೆ, ದೊಡ್ಡ ದೊಡ್ಡ ಓದಿದವರು, ಭಕ್ತರೇ. ಮನೆಗೆ ಓಡುತ್ತಾ ಬಂದೆ, ನಿಜವಾಗಿಯೂ ಓಡುತ್ತಾ, ಚಪ್ಪಲಿ ಕೆಸರಿಗೆ ಕಚ್ಚಿಕೊಂಡರೂ, ಕಹಳೆ ಊದಿದ್ದು ನನಗೇ ಮೊದಲು ಕೇಳಿಸಿದೆ ಅನ್ನುವ ಹಾಗೆ, ಆದರೆ ಬಾಗಿಲಿಗೆ ಬಂದರೆ ತಾತ ಮಷಿನ್ನಿಗೆ ಎಣ್ಣೆ ಬಿಡುತ್ತಾ ಸಭೆಯ ಹಾಡು ಗುನುಗುತ್ತಿದ್ದರು, ಹೇಳಲಾಗಲಿಲ್ಲ, ಇಷ್ಟು ದಿನ ಬಾಯಲ್ಲೇ ಇಟ್ಟುಕೊಂಡಿದ್ದೇನೆ ಗುಂಡುಸೂಜಿಯ ಹಾಗೆ.

ಇವತ್ತು ಉಗುಳಿಬಿಟ್ಟೆ. ಸ್ಕರ್ಟು ಪಕ್ಕಕ್ಕಿಟ್ಟು ಕುರ್ಚಿ ಎಳೆದುಕೊಂಡು ತಾತನ ಮಂಡಿಗೆ ಮಂಡಿ ತಾಗಿಸಿ ಕೂತೆ, ತಾತ, ಒಂದು ಮಾತು, ಬೈಬಾರದು. ಬೈಯೋ ಮಾತಾದ್ರೆ ಬೈತೀನಿ. ಮತ್ತೆ ಎಲ್ಲ ಹೇಳಿದೆ, ಉಸಿರೂ ಬಿಡದೆ, ಸೇನೆ, ಹಸಿವು, ಬೆಂಕಿ, ಕಲ್ಲು, ತಲೆಮಾರು, ತಾತನ ಕೈಯಲ್ಲಿ ಸೂಜಿ ನಿಂತಿತು, ಮುಖ ಮಾತ್ರ ಅರಳುತ್ತಾ ಹೋಯಿತು, ಅಯ್ಯೋ ಅದನ್ನು ಹೇಗೆ ಹೇಳಲಿ, ವಾದ ಸಿಕ್ಕಿದರೆ ತಾತನಿಗೆ ಹಬ್ಬ, ಮಾಸ್ತರು ಹಾಸಿಗೆ ಹಿಡಿದ ಮೇಲೆ ಅವರ ಜೊತೆ ಜಗಳಕ್ಕೆ ಯಾರೂ ಇರಲಿಲ್ಲ. ತಡಿ ತಡಿ, ಸೂರ್ಯ ಕತ್ತಲಾಗುತ್ತೆ, ನಕ್ಷತ್ರ ಉದುರುತ್ತೆ ಅಂತ ಇದೆಯಲ್ಲ, ಉದುರಿದ್ವಾ ಆಗ? ಉದುರಿಲ್ಲ ತಾತ, ಆದ್ರೆ ಹಳೇ ಪ್ರವಾದಿಗಳು ಬಾಬೆಲ್ ರಾಜ್ಯ ಬೀಳುತ್ತೆ ಅನ್ನೋದಕ್ಕೂ ಹಂಗೇ ಹೇಳಿದ್ರಲ್ಲ, ಬಾಬೆಲ್ ಬಿತ್ತು, ಸೂರ್ಯ ಅಲ್ಲೇ ಇತ್ತು, ಒಂದು ರಾಜ್ಯ ಮುಳುಗಿದ್ರೆ ಅವರ ಭಾಷೇಲಿ ಹಂಗೇ ಹೇಳೋದು. ಹೂಂ. ಗುಡ್ಡಕ್ಕೆ ಓಡಿ ಅಂದಿದ್ದು? ಓಡಿದ್ರು ತಾತ! ನಂಬಿದವರು ನದಿ ದಾಟಿ ಗುಡ್ಡದ ಕಡೆ ಊರಿಗೆ ಓಡಿಹೋದ್ರಂತೆ, ಅದಕ್ಕೇ ಬದುಕಿದ್ರಂತೆ. ಕಡೇ ದಿನಕ್ಕೆ ಬರೋ ಮೃಗ? ಆ ಮೃಗದ ಸಂಖ್ಯೆ, ಆರುನೂರ ಅರವತ್ತಾರು? ಆ ಕಾಲದ ಒಬ್ಬ ಕ್ರೂರಿ ಚಕ್ರವರ್ತಿಯ ಹೆಸರು ಅವರ ಅಕ್ಷರದಲ್ಲಿ ಬರೆದು, ಅಕ್ಷರಕ್ಕೊಂದು ಅಂಕಿ ಇಟ್ಟು ಕೂಡಿಸಿದ್ರೆ ಅದೇ ಬರುತ್ತಂತೆ. ಮಾಸ್ತರ ಅದನ್ನ ಯಾರ್ಯಾರ ತಲೆ ಮೇಲೆಲ್ಲ ಹಾಕಿದ್ದ ಗೊತ್ತಾ, ಒಂದ್ಸಲ ವಿದ್ಯುತ್ ಬಿಲ್ಲಿನವನ ಮೇಲೂ ಹಾಕಿದ್ದ — ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ, ಒಳಗೆ ಅಮ್ಮನ ಚೀಲದ ಸದ್ದು ನಿಂತಿತು, ಎಷ್ಟು ವರ್ಷವಾಗಿತ್ತು ಈ ಅಂಗಡಿ ಹೀಗೆ ನಕ್ಕು, ಚಾಪೆ ಒಂದು ಹಾಸಿದ್ದರೆ ಭಾನುವಾರವೇ ಆಗಿಬಿಡುತ್ತಿತ್ತು. ನಾನು ಹುಮ್ಮಸ್ಸಿನಲ್ಲಿ ಅವರ ಎರಡೂ ಕೈ ಹಿಡಿದುಕೊಂಡೆ, ನೋಡಿ ತಾತ, ಎಲ್ಲ ಆಗಿಹೋಗಿದೆ, ಯಾವ ಕಾಲದಲ್ಲೋ ಆಗಿಹೋಗಿದೆ, ಲೋಕ ಇವತ್ತೂ ಇರುತ್ತೆ, ನಾಳೆನೂ ಇರುತ್ತೆ, ಅದನ್ನ ನೋಡಕ್ಕೆ ಕಣ್ಣು ಬೇಕಲ್ವಾ.

ಅವರು ನಗುವುದು ನಿಲ್ಲಿಸಿದ್ದು ನನಗೆ ಗೊತ್ತೇ ಆಗಲಿಲ್ಲ. ಕೈ ಮಾತ್ರ ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡರು. ಎಲ್ಲಾನೂ ಆಗಿಹೋಯ್ತಾ, ಅಂದರು. ಎಲ್ಲಾನೂ ತಾತ. ಹಂಗಾದ್ರೆ ಅವಳು? — ಅವಳು ಅಂದರೆ ಯಾರು ಅಂತ ಒಂದು ಕ್ಷಣ ಹೊಳೆಯಲಿಲ್ಲ, ದಡ್ಡಿ ನಾನು, ಈ ಮನೆಯಲ್ಲಿ ತಾತ ಅವಳು ಅಂದರೆ ಅಜ್ಜಿ ಒಬ್ಬಳೇ. ನಿಮ್ಮಜ್ಜಿಗೆ ನಾನು ಕಚ್ಚಾ ಹೊಲಿಗೆ ಹಾಕಿ ಕಳಿಸಿದೀನಲ್ಲೇ, ಅಂದರು ತಾತ. ಮೆಲ್ಲಗೆ, ಗಿರಾಕಿಯ ಹತ್ತಿರ ತಪ್ಪಾಯಿತು ಅನ್ನುವ ದನಿಯಲ್ಲಿ. ಆಗ ಕಂಡಿತು, ಅಷ್ಟು ವರ್ಷ ಎಲ್ಲಿತ್ತೋ, ಪೂರ್ತಿಯಾಗಿ ಕಂಡಿತು, ಈ ಇದೇ ಮೇಜು, ಮೇಜಿನ ಮೇಲೆ ತಿಳಿ ನೀಲಿ ಬಟ್ಟೆ, ಅಜ್ಜಿ ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಳೆ, ಪಟ್ಟಿ ಪಟ್ಟಿಯ ಫ್ರಾಕಿನ ನಾನು ಮೇಜಿನ ಕಾಲು ಹಿಡಿದು ನಿಂತಿದ್ದೇನೆ, ತಾತ ಅವಳ ಕೊನೆಯ ಗೌನು ಹೊಲಿಯುತ್ತಿದ್ದಾರೆ, ಮಷಿನ್ನಲ್ಲಲ್ಲ, ಕೈಯಲ್ಲಿ, ಬಿಳಿ ದಾರದಲ್ಲಿ ಉದ್ದುದ್ದ ಹೊಲಿಗೆ, ಮಷಿನ್ನಿಗೆ ಕೊಡುವ ಮೊದಲು ಬಟ್ಟೆ ಜರುಗದಿರಲಿ ಅಂತ ಹಾಕುತ್ತೇವಲ್ಲ, ಆಮೇಲೆ ಒಂದೇ ಎಳೆತಕ್ಕೆ ಕಿತ್ತು ಬಿಸಾಡುವುದು, ಅದು. ಅಮ್ಮ ಅಳುತ್ತಾ ಹೇಳುತ್ತಿದ್ದಾಳೆ, ಅಪ್ಪಾ, ಒಂದು ಗಟ್ಟಿ ಹೊಲಿಗೆನಾದ್ರೂ ಹಾಕಿ ಅಪ್ಪಾ. ಬೇಡ ಕಣಮ್ಮಾ, ನಾಲ್ಕು ದಿನಕ್ಕೆ ಯಾಕೆ, ಕರ್ತ ಬಂದಾಗ ಸತ್ತೋರು ಏಳ್ತಾರಲ್ಲ, ಅವಳು ಏಳೋದೇ ಈಗಲೋ ಆಗಲೋ, ಎದ್ದ ತಕ್ಷಣ ಅಲ್ಲಿ ಬೇರೆ ಉಡಿಸ್ತಾರೆ, ಸುಲಭಕ್ಕೆ ಬಿಚ್ಚೋ ಹಾಗಿರ್ಲಿ. ಅಳುತ್ತಿರಲಿಲ್ಲ ತಾತ, ನಾಳೆ ಊರಿಗೆ ಹೋಗುವವಳಿಗೆ ಬಟ್ಟೆ ಹೊಂದಿಸುವ ಹಾಗೆ ಅವಸರ ಅವಸರ, ಸಣ್ಣಗೆ ಹಾಡು ಕೂಡ. ಬಿಳಿ ದಾರ, ತಿಳಿ ನೀಲಿಯ ಮೇಲೆ ಉದ್ದುದ್ದಕ್ಕೆ ಬಿಳಿ ದಾರ.

ಅವಳು ಏಳಲ್ಲ ಅಂತ ಗೊತ್ತಿದ್ದಿದ್ರೆ ಪಕ್ಕಾ ಹೊಲಿಗೆ ಹಾಕ್ತಿದ್ದೆ, ಅಂದರು. ಡಬಲ್ ಹೊಲಿಗೆ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು, ಬರೋನು ಬಂದು ಹೋಗಿದ್ರೆ ನಾನ್ ಯಾರಿಗೆ ಕಾಯ್ತಾ ಕೂರ್ಲಿ, ಎಲ್ಲಿ ವ್ಯಾನು, ನಡೀರಿ — ಅಮ್ಮ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಸಂತೋಷಕ್ಕೆ, ನನ್ನ ಬೆನ್ನು ತಟ್ಟಿದಳು, ಗೆದ್ದೆ ಕಣೇ ಅಂತ ಕಣ್ಣಲ್ಲೇ ಹೇಳಿದಳು, ಗೆದ್ದೆ, ಹೌದು ಗೆದ್ದೆ, ಗೆದ್ದಿದ್ದೇನೆ, ಈಗ ವ್ಯಾನಿನಲ್ಲಿ ತಾತನ ಪಕ್ಕದಲ್ಲಿ ಕೂತಿದ್ದೇನೆ, ಬಾಯಲ್ಲಿ ಇನ್ನೊಂದು ಗುಂಡುಸೂಜಿ. ಯಾಕೆಂದರೆ ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿತ್ತು, ನಾನೇ ಓದಿದ್ದೇನೆ, ಹುಮ್ಮಸ್ಸಿನಲ್ಲಿ ಹಾರಿಸಿಬಿಟ್ಟೆ, ಪಟ್ಟಣ ಬಿದ್ದದ್ದು ಆಗಿಹೋಯಿತು ಅನ್ನುವವರಲ್ಲಿ ಹೆಚ್ಚಿನವರು ಸತ್ತವರು ಏಳುವುದು ಮಾತ್ರ ಇನ್ನೂ ಬಾಕಿ ಅನ್ನುತ್ತಾರೆ, ಅದು ಬೇರೆ, ಇದು ಬೇರೆ, ಅದು ಮುಂದೆ. ಹೇಳಿಬಿಡಲಾ, ಹೇಳಿದರೆ ತಾತ ಕಿಟಕಿ ತಟ್ಟಿ ಡ್ರೈವರನ್ನು ಕೂಗುತ್ತಾರೆ, ನಿಲ್ಸಪ್ಪಾ, ಹಂಗಾದ್ರೆ ನಾನು ಕಾಯ್ತೀನಿ ಅಂತ ಇಳಿದುಬಿಡುತ್ತಾರೆ, ಬಲಗಣ್ಣು ಹೋಗುತ್ತದೆ, ಹೇಳದಿದ್ದರೆ ಕಣ್ಣು ಬರುತ್ತದೆ, ಬಂದ ಕಣ್ಣಿನಿಂದ ಅವರು ಏನು ನೋಡುತ್ತಾರೆ, ಅದನ್ನೇ, ಬಿಳಿ ದಾರವನ್ನೇ. ವ್ಯಾನು ಬೇಕರಿಯ ಮುಂದೆ ತಿರುಗಿತು, ಬಿಸಿ ಬ್ರೆಡ್ಡಿನ ವಾಸನೆ, ತಾತ ಮೂಗು ಎತ್ತಿ, ನಿಮ್ಮಜ್ಜಿಗೆ ಇದ್ರ ಅಂಚು ಅಂದ್ರೆ ಪ್ರಾಣ, ಅಂದರು, ಅವರ ತೊಡೆಯ ಮೇಲೆ ಎರಡು ಬೆರಳು ಮೇಲೆ ಕೆಳಗೆ, ಮೇಲೆ ಕೆಳಗೆ, ಗಾಳಿಯಲ್ಲಿ ಹತ್ತಿರ ಹತ್ತಿರ ಸಣ್ಣ ಸಣ್ಣ ಹೊಲಿಗೆ.

ಆಸ್ಪತ್ರೆಯ ಹಸಿರು ಗೋಡೆ, ಸಾಲು ಬೆಂಚು, ಎಲ್ಲರ ಒಂದೊಂದು ಕಣ್ಣಿನ ಮೇಲೂ ಪ್ಲಾಸ್ಟರಿನ ತುಂಡು, ನರ್ಸು ಬಂದು ತಾತನ ಗಲ್ಲ ಹಿಡಿದು ಮೇಲೆತ್ತಿ ಹನಿ ಬಿಡುತ್ತಾಳೆ, ಯಾವ ಕಣ್ಣು ತಾತ, ಬಲಗಡೇದು ತಾನೇ? ಹೂಂ ಮಗಳೇ, ಎಡಗಡೇದು ಇರ್ಲಿ, ನಿನ್ನ ಅಷ್ಟೋ ಇಷ್ಟೋ ನೋಡ್ಬೇಕಲ್ಲ. ಅಯ್ಯೋ, ಸರಿಯಾಗಿ ಕಂಡ್ರೆ ಬೇಜಾರಾಗ್ತೀರ, ಈಗಲೇ ನೋಡ್ಕೊಳಿ. ನಗು, ಹಸಿರು ಅಂಗಿ, ಗಾಲಿಕುರ್ಚಿ, ಅಮ್ಮ ಕಿಟಕಿಯ ಹತ್ತಿರ ಯಾವುದೋ ಚೀಟಿಗೆ ಸಹಿ ಹಾಕುತ್ತಿದ್ದಾಳೆ, ಹಸಿರು ಅಂಗಿಯ ಹಿಂದೆ ಕಟ್ಟುವ ಲಾಡಿ ಕಿತ್ತುಬಂದಿದೆ, ತಾತ ಬೆರಳಿನಿಂದಲೇ ತಡಕಿ, ಯಾರೇ ಇದನ್ನ ಹೊಲ್ದಿದ್ದು, ಒಂದು ಒಗೆತಕ್ಕೆ ಬಿಚ್ಚಿಕೊಳ್ಳುತ್ತೆ — ಬಿಚ್ಚಿಕೊಳ್ಳುತ್ತೆ ಅಂದವರು ಆ ಲಾಡಿಯನ್ನೇ ಬೆರಳಿಗೆ ಸುತ್ತಿಕೊಂಡರು, ನಾನು ತಡೆಯಲಾರದೆ ಕುರ್ಚಿಯ ಮುಂದೆ ಮಂಡಿಯೂರಿಬಿಟ್ಟೆ. ತಾತ, ಒಂದು ಬಾಕಿ ಇದೆ. ಸತ್ತವರು ಏಳೋದು ಆಗಿಲ್ಲ, ಅದು ಮುಂದೆನೇ, ಬಹಳ ಜನ ಹಂಗೇ ಹೇಳ್ತಾರೆ, ಪುಸ್ತಕದಲ್ಲೇ ಇತ್ತು. ಮನೇಲೇ ಗೊತ್ತಿತ್ತಾ ನಿಂಗೆ? ಹೂಂ. ಹೇಳಿದ್ರೆ ನಾನ್ ಬರಲ್ಲ ಅಂತ? ಹೂಂ. ಕಳ್ಳಿ, ಅಂದರು, ನನ್ನ ಕಿವಿ ಹುಡುಕಿ ಹಿಂಡಿದರು, ಮುಖದಲ್ಲಿ ಆ ಹಳೆಯ ಭಾನುವಾರ ಒಂದಿಷ್ಟು ಬಂದು ಕೂತಿತು, ಇಳಿಯಲಿಲ್ಲ ಕುರ್ಚಿಯಿಂದ, ಇಳಿಯುತ್ತಾರೇನೋ ಅಂತ ನಾನು ಕಾಲೇ ಹಿಡಿದುಕೊಂಡಿದ್ದೆ, ಇಳಿಯಲಿಲ್ಲ, ಬಂದಿದ್ದಾಯ್ತಲ್ಲ, ಮಾಡ್ಲಿ, ಎದ್ದು ಬಂದ್ರೆ ಅವಳನ್ನ ಗುರುತು ಹಿಡೀಬೇಕಲ್ಲ, ಅಂದರು. ನರ್ಸು ಕುರ್ಚಿ ತಳ್ಳಲು ಹಿಂದೆ ಬಂದು ನಿಂತಳು. ಒಂದ್ನಿಮಿಷ ತಾಯಿ, ಅಂದರು ತಾತ, ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, ಬಹಳ ಜನ ಅಂದ್ಯಲ್ಲ, ಅವರ್ನೆಲ್ಲ ಬಿಡು, ನೀನ್ ಏನಂತೀಯಾ ಪುಟ್ಟಿ, ಏಳ್ತಾಳಾ? — ನಾನಾ, ನಾನು, ಇಷ್ಟೆಲ್ಲ ಓದಿದವಳು, ಓಡುತ್ತಾ ಬಂದವಳು, ಮಳೆ ನಿಂತದ್ದೂ ತಿಳಿಯದವಳು, ಸೇನೆ ಕಲ್ಲು ಬೆಂಕಿ ನದಿ ಎಲ್ಲ ಬಾಯಿಪಾಠ, ಇದೊಂದನ್ನು ಯಾರೂ ನನ್ನ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ, ಹೂಂ ಅನ್ನು, ಒಂದು ಹೂಂ, ಅಷ್ಟೇ, ಹಾಲಿನ ಬಣ್ಣದ ಕಣ್ಣು ಕಾಯುತ್ತಿದೆ, ಬಾಯಿ ತೆರೆಯುತ್ತೇನೆ, ತಾತ, ನಾನು — ಮಣ್ಣು, ಮಣ್ಣಿನ ಕೆಳಗೆ ತಿಳಿ ನೀಲಿ, ತಿಳಿ ನೀಲಿಯ ಮೇಲೆ ಬಿಳಿ ದಾರ, ಒಂದು ತುದಿಗೆ ಗಂಟಿಲ್ಲ, ಎಳೆದರೆ ಬರುತ್ತದೆ, ಯಾರಾದರೂ ಎಳೆದರೆ, ಬಿಳಿ ದಾರ, ಉದ್ದುದ್ದ, ಬಿಳಿ —